ನಂದಿಬಟ್ಟಲಿಗೆ ಹೊಸ ಕುಂಡ

ಜಯದೇವಪ್ಪ ಹೂವು ಕದಿಯುತ್ತಿದ್ದರು. ಇದನ್ನು ಬೇರೆ ರೀತಿ ಹೇಳಬೇಕಾದ ಅಗತ್ಯವಿಲ್ಲ. ವಿದ್ಯುತ್ ಮಂಡಳಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು, ಒಬ್ಬರ ಹತ್ತಿರವೂ ಪೆನ್ನು ಕೂಡ ಕೇಳಿ ಪಡೆದವರಲ್ಲ. ಆದರೆ ಬೆಳಿಗ್ಗೆ ಐದೂವರೆಗೆ ಪ್ಲಾಸ್ಟಿಕ್ ಕವರ್ ಮತ್ತು ಕೊಕ್ಕೆ ಕಟ್ಟಿದ ಕೋಲು ಹಿಡಿದು ಇಟ್ಟಮಡುವಿನ ಮೂರು ರಸ್ತೆ ಸುತ್ತಿ, ಕಾಂಪೌಂಡಿನಿಂದ ಆಚೆ ಬಾಗಿದ ಹೂವನ್ನೆಲ್ಲ ಕಿತ್ತು ತರುತ್ತಿದ್ದರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಐದು ಹೂವಾದರೂ ಬೇಕು. ಅಂಗಡಿಯದ್ದು ನಿನ್ನೆ ಕಿತ್ತದ್ದು, ಅದು ಅವರಿಗೆ ಆಗದು. ರಸ್ತೆಗೆ ಬಾಗಿದ ಕೊಂಬೆ ರಸ್ತೆಯದ್ದು ಎಂಬುದು ಅವರ ವಾದ.

ಮೂಲೆ ಮನೆಯ ರೇಖಾ ಈ ವಾದ ಒಪ್ಪಲಿಲ್ಲ. ಆಕೆಯ ಗೇಟಿನ ಕ್ಯಾಮೆರಾದಲ್ಲಿ ಜಯದೇವಪ್ಪ ಕಣಗಿಲೆ ಕೊಂಬೆಗೆ ಕೊಕ್ಕೆ ಹಾಕಿ ಎಳೆದದ್ದು, ಕೊಂಬೆ ಲಟ್ಟನೆ ಮುರಿದದ್ದು, ಅವರು ಅತ್ತಿತ್ತ ನೋಡಿ ಸರಸರನೆ ನಡೆದದ್ದು ಎಲ್ಲ ದಾಖಲಾಗಿತ್ತು. ಅದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಹೆಸರು ಹಾಕಿರಲಿಲ್ಲ, ಮುಖ ಸಾಕಿತ್ತು. ಅರ್ಧ ದಿನದ ಮೇಲೆ ಜಯದೇವಪ್ಪ, ಇನ್ನು ಮುಂದೆ ತಮ್ಮ ಮನೆ ಗಿಡದ ಹೂವನ್ನಲ್ಲದೆ ಬೇರೆ ಯಾರ ಹೂವನ್ನೂ ಮುಟ್ಟುವುದಿಲ್ಲ ಎಂದು ಅದೇ ಗುಂಪಿನಲ್ಲಿ ಬರೆದರು. ನೂರ ನಲವತ್ತು ಜನ ಓದಿದರು. ಹದಿನಾಲ್ಕು ಜನ ಕೈ ಮುಗಿದರು.

ತೊಂದರೆ ಏನೆಂದರೆ, ಅವರ ಮನೆ ಗಿಡ ಹೂ ಬಿಡುತ್ತಿರಲಿಲ್ಲ. ಬಾಲ್ಕನಿಯಲ್ಲಿ ಎಣ್ಣೆ ಡಬ್ಬಿಯೊಳಗೆ ಆರು ವರ್ಷದಿಂದ ನಿಂತ ನಂದಿಬಟ್ಟಲು ಅದು. ವಾರಕ್ಕೆ ಎರಡು ಹೂವು ಕೊಟ್ಟರೆ ಹೆಚ್ಚು. ಹೆಂಡತಿ ಸಿದ್ದಗಂಗಮ್ಮ ಮಾತು ಕೊಡುವ ಮೊದಲು ಗಿಡವನ್ನೊಂದು ಮಾತು ಕೇಳಬೇಕಿತ್ತು ಎಂದರು. ಡಬ್ಬಿ ಚಿಕ್ಕದಾಗಿದೆ, ಕುಂಡ ಬದಲಾಯಿಸಬೇಕು ಎಂದವಳು ಮೊಮ್ಮಗಳು ಸ್ಪಂದನಾ. ಭಾನುವಾರ ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಡಬ್ಬಿ, ಹಿಂದೆ ತಾತ. ಹೀಗೆ ಇಬ್ಬರೂ ತಲಘಟ್ಟಪುರದ ನರ್ಸರಿಗೆ ಹೋದರು.

ಸ್ಪಂದನಾ ನೇರ ಬಿಳಿ ಪಿಂಗಾಣಿ ಕುಂಡದ ಮುಂದೆ ನಿಂತು ಫೋಟೊ ತೆಗೆದಳು. ಜಯದೇವಪ್ಪ ಮಗು ಕೂತು ಸ್ನಾನ ಮಾಡುವಷ್ಟು ದೊಡ್ಡ ಸಿಮೆಂಟ್ ಕುಂಡ ತೋರಿಸಿದರು. ಅವರ ಪ್ರಕಾರ ಮನೆ ದೊಡ್ಡದಾದಷ್ಟೂ ಗಿಡ ಸುಖವಾಗಿರುತ್ತದೆ. ನರ್ಸರಿಯ ದ್ಯಾಮಣ್ಣ ಎರಡನ್ನೂ ಒಪ್ಪಲಿಲ್ಲ. ಗದಗಿನ ಕಡೆಯವನು, ವ್ಯಾಪಾರ ಕೆಡುತ್ತದೆಂದು ಮಾತು ನುಂಗುವ ಪೈಕಿ ಅಲ್ಲ. ಪಿಂಗಾಣಿಯಲ್ಲಿ ನೀರು ಆರುವುದಿಲ್ಲ. ಅತಿ ದೊಡ್ಡ ಕುಂಡದಲ್ಲಿ ಬೇರು ಕುಡಿದು ಮುಗಿಸಲಾಗದಷ್ಟು ನೀರು ನಿಂತು ಬೇರೇ ಕೊಳೆಯುತ್ತದೆ. ಡಬ್ಬಿಗಿಂತ ನಾಲ್ಕು ಬೆರಳು ಹೆಚ್ಚು ಅಗಲದ ಮಣ್ಣಿನ ಕುಂಡ ಸಾಕು ಎಂದ. ಜಯದೇವಪ್ಪ ಬೇಸಿಗೆಯಲ್ಲಿ ನೀರಿನ ಮಡಕೆ ಆರಿಸುವ ಹಾಗೆ ಒಂದೊಂದೇ ಕುಂಡವನ್ನು ಬೆರಳ ಗಿಣ್ಣಿನಿಂದ ಬಡಿದು, ಕಿವಿಗೊಟ್ಟು, ಹನ್ನೊಂದನೆಯದನ್ನು ಒಪ್ಪಿದರು. ಅದರ ತಳದಲ್ಲಿ ತೂತಿದೆ, ಸೋರುತ್ತದೆ ಎಂದು ತಕರಾರನ್ನೂ ತೆಗೆದರು. ಸೋರದಿದ್ದರೆ ತಾನೇ ಮಾರುವುದಿಲ್ಲ ಎಂದ ದ್ಯಾಮಣ್ಣ.

ಆಮೇಲೆ ಅವನು ಕತ್ತರಿಯಿಂದ ಡಬ್ಬಿಯನ್ನು ಉದ್ದಕ್ಕೆ ಸೀಳಿದ. ಹುಳಿ ವಾಸನೆ ಹೊಡೆಯಿತು. ಮೇಲಿನ ಒಂದು ಗೇಣು ಮಣ್ಣು ಬೆಳ್ಳಗೆ ಗಟ್ಟಿಯಾಗಿ ಗಾರೆಯಂತಾಗಿತ್ತು. ಅದರ ಕೆಳಗೆ ಬೇರುಗಳು ಡಬ್ಬಿಯ ಗೋಡೆ ಹಿಡಿದು ಸುತ್ತಿ ಸುತ್ತಿ ಸುಸ್ತಾಗಿದ್ದವು. ದ್ಯಾಮಣ್ಣ ಆ ಬಿಳಿ ಹೆಂಟೆಯನ್ನು ಒಡೆದು ಮೂಸಿದ.

"ಇದಕ್ಕ ಏನ್ ಹಾಕ್ತೀರಿ ಸರ?"

ಜಯದೇವಪ್ಪ ಹೆಮ್ಮೆಯಿಂದಲೇ ಹೇಳಿದರು. ಪೂಜೆಯ ಅಭಿಷೇಕದ ನೀರನ್ನು ತುಳಿಯಬಾರದು, ಬಚ್ಚಲಿಗೆ ಹಾಕಬಾರದು, ಗಿಡದ ಬುಡಕ್ಕೇ ಹಾಕಬೇಕು. ದಿನಾ ವಿಭೂತಿ ಕರಗಿದ ನೀರು. ಸೋಮವಾರ ಹಾಲು. ಶ್ರಾವಣದಲ್ಲಿ ಮೊಸರು, ಜೇನುತುಪ್ಪ, ಸಕ್ಕರೆ ಕೂಡ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ದ್ಯಾಮಣ್ಣ ನಗಲಿಲ್ಲ, ಅದು ಅವನ ದೊಡ್ಡತನ. "ದೇವ್ರಿಗಿ ಆಗಿಬರೋದು ಗಿಡಕ್ಕ ಆಗಿಬರಂಗಿಲ್ರಿ. ನೀವಽ ಕೊಂದೀರಿ ಇದನ್ನ. ಪುಣ್ಯಾಕ್ಕ ಇನ್ನೂ ಸತ್ತಿಲ್ಲ."

ಸ್ಪಂದನಾ ಮುಖ ತಿರುಗಿಸಿ ನಗುತ್ತ ಭುಜ ಕುಣಿಸುತ್ತಿದ್ದಳು. ಹೂವು ಕದಿಯಲು ಕಳಿಸಿದ್ದೂ ಪೂಜೆಯೇ, ಗಿಡ ಹೂ ಬಿಡದಂತೆ ಮಾಡಿದ್ದೂ ಪೂಜೆಯೇ. ಜಯದೇವಪ್ಪನವರಿಗೆ ಇದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವರು ಹೆಂಟೆಯನ್ನು ಕೈಗೆ ತೆಗೆದುಕೊಂಡು ಕಚೇರಿಯ ಕಡತದಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೆಳಗಿಟ್ಟರು.

ದ್ಯಾಮಣ್ಣ ಕುಂಡದ ತೂತಿಗೆ ಒಡೆದ ಮಡಕೆಯ ಬೋಕಿ ಚೂರು ಮುಚ್ಚಿ, ಕೆಂಪು ಮಣ್ಣು, ಮರಳು, ಹಳೆ ಗೊಬ್ಬರ ಬೆರೆಸಿ ತಳಕ್ಕೆ ಹಾಕಿದ. ಸುತ್ತಿಕೊಂಡ ಬೇರಿನ ಮೂರರಲ್ಲೊಂದು ಭಾಗ ಕತ್ತರಿಸಿದ. ಬೇರು ಎಷ್ಟು ಹೋಯಿತೋ ಕೊಂಬೆಯೂ ಅಷ್ಟು ಹೋಗಬೇಕು ಎಂದ. ಕೊಂಬೆಗಳ ತುದಿಯಲ್ಲಿ ಎಂಟು ಮೊಗ್ಗಿದ್ದವು. ಆರು ತಿಂಗಳಲ್ಲಿ ಅಷ್ಟು ಮೊಗ್ಗನ್ನು ಒಟ್ಟಿಗೆ ಯಾರೂ ಕಂಡಿರಲಿಲ್ಲ. ಜಯದೇವಪ್ಪ ಕೈ ಅಡ್ಡ ಹಿಡಿದರು. ಇವು ಅರಳಲಿ, ಆಮೇಲೆ ಕತ್ತರಿಸೋಣ ಎಂದರು. ಆಗದು ಎಂದ. ಎರಡಾದರೂ ಬಿಡು ಎಂದರು.

"ಎರಡು ಬಿಟ್ರ, ಆ ಎರಡಕ್ಕ ಇರೋ ಶಕ್ತಿ ಎಲ್ಲಾ ಹಾಕಿ ಗಿಡ ಸಾಯ್ತೈತಿ. ಕತ್ತರಿಸಿದ್ರ ಆರು ವಾರಕ್ಕ ಹೂವು. ನೋಡ್ರಿ, ಗಿಡ ನಿಮ್ದು."

ಆರು ವಾರ ಪೂಜೆಗೆ ಹೂವಿಲ್ಲ, ಗುಂಪಿಗೆ ಕೊಟ್ಟ ಮಾತು ಹಾಗೇ ಇದೆ. ಜಯದೇವಪ್ಪ ಕತ್ತರಿ ಇಸಿದುಕೊಂಡು ಎಂಟು ಮೊಗ್ಗನ್ನೂ ತಾವೇ ಕತ್ತರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ವಾಪಸ್ಸು ಬರುವಾಗ ಕುಂಡಕ್ಕೂ ಅವರಿಗೂ ಆಟೊ ಮಾಡಬೇಕಾಯಿತು.

ಮೊಗ್ಗುಗಳು ಬಟ್ಟಲ ನೀರಿನಲ್ಲಿ ಅರಳಿ ಎರಡು ದಿನ ಮಾನ ಕಾಪಾಡಿದವು. ಮೂರನೆಯ ದಿನ ಏನೂ ಇರಲಿಲ್ಲ. ಅಭಿಷೇಕದ ನೀರು ಬೇರೆ ಎಲ್ಲಿಗೂ ಹಾಕಲಾಗದೆ ಬಾಲ್ಕನಿಯ ಬಕೆಟ್ಟಿನಲ್ಲಿ ಸೇರುತ್ತಿತ್ತು. ಸೋಮವಾರದ ಹಾಲೂ ಅದರಲ್ಲೇ. ಸಿದ್ದಗಂಗಮ್ಮ ಬಕೆಟ್ ಇರಬೇಕು ಇಲ್ಲವೇ ತಾನಿರಬೇಕು ಎಂದರು. ಪತ್ರೆ ಇಟ್ಟು ಪೂಜೆ ಮುಗಿಸಿ ಎಂದೂ ಹೇಳಿದರು. ಜಯದೇವಪ್ಪ ಅಂಗಿ ಹಾಕಿಕೊಂಡು ಹೊರಟರು. ಕೋಲು ಒಯ್ಯಲಿಲ್ಲ.

ಮೂಲೆ ಮನೆಯ ಕಣಗಿಲೆ ಎಂದಿನಂತೆ ರಸ್ತೆಗೆ ಬಾಗಿತ್ತು. ಕೈ ಎತ್ತಿದರೆ ಸಿಗುತ್ತಿತ್ತು. ಅಭ್ಯಾಸಬಲದಿಂದ ಕೈ ಎದೆಯವರೆಗೆ ಏರಿಯೂ ಇತ್ತು. ಅದನ್ನು ಹಾಗೇ ಪಕ್ಕಕ್ಕೆ ಒಯ್ದು ಬೆಲ್ ಒತ್ತಿದರು. ಹನ್ನೆರಡು ವರ್ಷ ಆ ಗಿಡದ ಹೂವು ಕಿತ್ತಿದ್ದಾರೆ, ಆ ಬೆಲ್ ಹೇಗೆ ಕೂಗುತ್ತದೆ ಎಂದು ಅಂದೇ ಗೊತ್ತಾದದ್ದು.

ರೇಖಾ ಕಾಫಿ ಲೋಟ ಹಿಡಿದೇ ಬಂದರು. ಜಯದೇವಪ್ಪ ಕಣಗಿಲೆಯ ಕಡೆ ಕೈ ತೋರಿಸಿದರು.

"ಐದು ಹೂವು ಬೇಕಿತ್ತಮ್ಮ. ಕೇಳ್ಕೊಂಡು ತಗೊಂಡ್ ಹೋಗೋಣ ಅಂತ ಬಂದೆ."

"ಹೂವಿಗೆ ಯಾರ್ ಬೇಡ ಅಂದ್ರು ಅಂಕಲ್? ನೀವು ಕೊಂಬೆ ಮುರಿದ್ರಿ. ಅದಕ್ಕೆ ಹಾಕಿದ್ದು ವಿಡಿಯೊ."

"ಮುರಿದೆ. ತಪ್ಪಾಯ್ತು."

"ಮತ್ತೆ ಗ್ರೂಪಲ್ಲಿ ಶಪಥ ಮಾಡಿದ್ರಲ್ಲ, ಯಾರ ಹೂವೂ ಮುಟ್ಟಲ್ಲ ಅಂತ?"

"ನಾನು ಮುಟ್ಟಲ್ಲ. ನೀವು ಕಿತ್ತು ಕೊಡಿ."

ರೇಖಾ ನಕ್ಕು, ಲೋಟ ಗೋಡೆಯ ಮೇಲಿಟ್ಟು, ಐದು ಕಿತ್ತು ಕೊಟ್ಟರು. ಅವರ ಮನೆ ಗಿಡಕ್ಕೆ ಏನಾಗಿದೆ ಎಂದು ವಿಚಾರಿಸಿದರು. ಜಯದೇವಪ್ಪ ಹಾಲು, ಮೊಸರು, ವಿಭೂತಿಯ ಕಥೆ ಮುಚ್ಚುಮರೆಯಿಲ್ಲದೆ ಹೇಳಿದರು, ಬಕೆಟ್ಟಿನ ವಾಸನೆ ಸಮೇತ. ರೇಖಾ ಹಿತ್ತಿಲ ತೆಂಗಿನಮರ ತೋರಿಸಿ ನೀರನ್ನು ಅಲ್ಲಿ ತಂದು ಸುರಿಯಿರಿ, ಅಷ್ಟು ದೊಡ್ಡ ಮರಕ್ಕೆ ಒಂದು ಚೊಂಬಿನಿಂದ ಏನೂ ಆಗುವುದಿಲ್ಲ ಎಂದರು.

"ಸೋಮವಾರ ಮಾತ್ರ ಹಾಲಿಗೆ ನೀರು ಜಾಸ್ತಿ ಹಾಕಿ ಅಂಕಲ್. ನಮ್ಮನೇಲಿ ಇರುವೆ ಈಗಿರೋದೇ ಸಾಕು."

ಅಂದಿನಿಂದ ಜಯದೇವಪ್ಪ ಪೂಜೆ ಮುಗಿಸಿ ಏಳು ಗಂಟೆಗೆ ಚೊಂಬು ಹಿಡಿದು ಮೂಲೆ ಮನೆಗೆ ಹೋಗಿ, ನೀರು ಸುರಿದು, ಮರುದಿನದ ಹೂವು ಮೊಗ್ಗಿನಲ್ಲೇ ತರತೊಡಗಿದರು. ಬಾಲ್ಕನಿಯ ಗಿಡಕ್ಕೆ ಬರೀ ನೀರು. ಮೂರು ವಾರ ಅದು ಕಡ್ಡಿಯಂತೆ ನಿಂತಿತ್ತು. ಸ್ಪಂದನಾ ಸತ್ತಿದೆ ಎಂದಳು. ನಾಲ್ಕನೆಯ ವಾರ ಗಿಣ್ಣುಗಳಲ್ಲಿ ಹಸಿರು ಒಡೆಯಿತು. ದ್ಯಾಮಣ್ಣ ಹೇಳಿದ ಆರು ವಾರ ಕಳೆದು, ಇನ್ನೂ ಮೂರು ವಾರ ಹೆಚ್ಚಿಗೆ ಹಿಡಿದು, ಒಂದು ಗುರುವಾರ ಬೆಳಿಗ್ಗೆ ಒಂದೇ ಸಲ ಆರು ಹೂವು ಬಿಟ್ಟಿತು.

ಆ ಆರನ್ನೂ ಜಯದೇವಪ್ಪ ತಾವೇ ಕಿತ್ತರು. ಆದರೆ ಹಿಂದಿನ ದಿನ ರೇಖಾ ಕೊಟ್ಟ ಐದು ಕಣಗಿಲೆಯೂ ಬಟ್ಟಲಲ್ಲಿ ಅರಳಿ ಕೂತಿದ್ದವು. ಅವನ್ನು ಎಸೆಯುವಂತಿಲ್ಲ. ಅಂದು ಲಿಂಗಕ್ಕೆ ಹನ್ನೊಂದು ಹೂವು ಏರಿದವು. ನಾಳೆಯಿಂದ ಬೇಡ ಎಂದು ಹೇಳಿಬರುತ್ತೇನೆಂದು ಅವರು ಚೊಂಬು ಹಿಡಿದು ಹೊರಟರು. ಅರ್ಧ ಗಂಟೆಯ ಮೇಲೆ ಕಾಫಿ ಕುಡಿದು, ಐದು ಮೊಗ್ಗು ಹಿಡಿದು ವಾಪಸ್ಸು ಬಂದರು.