ಕೊತ್ತತ್ತಿಯ ಕೆಮ್ಮು

ಆ ವರ್ಷ ವೀಣಳಿಗೆ ಇದ್ದದ್ದು ಒಂದೇ ಆಸೆ: ಶಿವರಾಜುವಿನ ಆಲೆಮನೆಗೆ ಬೀಗ ಬೀಳಬೇಕು. ಮದುವೆಯ ಮಾತೆತ್ತಿದ ಅಪ್ಪನಿಗೂ ಅದಾದ ಮೇಲೆ ನೋಡೋಣ ಅಂದಿದ್ದಳು.

ಕೊತ್ತತ್ತಿಯಲ್ಲಿ ಅವಳ ಮನೆಯ ಹಿತ್ತಲಿಗೂ ಆಲೆಮನೆಗೂ ನಡುವೆ ಇದ್ದದ್ದು ಒಂದು ನಾಲೆ. ಕಬ್ಬಿನ ಸಿಪ್ಪೆ ಒಣಗುವ ತನಕ ಕಾಯದೆ ಶಿವರಾಜು ಒಲೆಗೆ ಹಳೇ ಟಯರು ತುಂಬುತ್ತಿದ್ದ. ಹೋದ ಚಳಿಗಾಲವೆಲ್ಲ ಅವಳ ಅವ್ವ ದೇವಿರಮ್ಮ ಆ ಕರೀ ಹೊಗೆ ಕುಡಿದು, ಉಸಿರು ಕಟ್ಟಿಕೊಂಡು ಸತ್ತಳು. ಅದಕ್ಕೆ ಮೊದಲು ವೀಣ ಹೋಗಿ ಕೇಳಿದಾಗ ಅವನು ಕೊಪ್ಪರಿಗೆಯಿಂದ ತಲೆಯನ್ನೂ ಎತ್ತಿರಲಿಲ್ಲ.

"ಚಳಿಗಾಲ್ದಲ್ಲಿ ಯಾರ್ಗೆ ಕೆಮ್ಮು ಬರಕಿಲ್ಲ? ನಿಮ್ಮವ್ವುಂಗೆ ಬಿಸ್ನೀರ್ ಕಾಯ್ಸಿ ಕೊಡೋಗು" ಅಂದಿದ್ದ.

ಆ ಮಾತು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು.

ವೀಣಳ ಕೆಲಸ ಮಂಡ್ಯದ ಆರೋಗ್ಯ ಇಲಾಖೆಯಲ್ಲಿ. ಕೆಮ್ಮು, ಜ್ವರ, ಉಬ್ಬಸ ಅಂತ ಬಂದವರ ವಿವರವನ್ನು ಆಸ್ಪತ್ರೆಗಳು ವಾರವಾರ ಕಳಿಸುತ್ತವೆ. ಯಾವ ಊರಿನಲ್ಲಿ ಏರಿತು, ಯಾಕೆ ಏರಿತು ಅಂತ ಅವಳು ಬರೆಯಬೇಕು. ತಮಾಷೆಯೆಂದರೆ, ಆ ಲೆಕ್ಕದ ಪ್ರಕಾರ ಅವಳ ಊರಿನಲ್ಲಿ ಮಾತ್ರ ಕೆಮ್ಮೇ ಇರಲಿಲ್ಲ. ಕೊತ್ತತ್ತಿಯವರಿಗೆ ಬರೀ ಮಾತ್ರೆ ಕೊಡುವ ಡಾಕ್ಟರು ಡಾಕ್ಟರೇ ಅಲ್ಲ. ಬಸ್ಸು ಹತ್ತಿ ಮಂಡ್ಯಕ್ಕೋ ಮದ್ದೂರಿಗೋ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡರೇ ಸಮಾಧಾನ. ಆ ಕ್ಲಿನಿಕ್ಕುಗಳು ಬಂದವರನ್ನೆಲ್ಲ ಪೇಟೆಯವರೆಂದೇ ಬರೆಯುತ್ತಿದ್ದವು.

ಈ ಚಳಿಗಾಲ ವೀಣ ಒಂದೊಂದೇ ಕ್ಲಿನಿಕ್ಕಿಗೆ ಹೋಗಿ, ರೋಗಿಯ ಊರು ಕೇಳಿ ಬರೆಯಿರಿ ಅಂತ ಬೆನ್ನು ಹತ್ತಿದಳು. ಕೆಲವೇ ವಾರಗಳಲ್ಲಿ ಕೊತ್ತತ್ತಿಯ ಕೆಮ್ಮಿನ ಗೆರೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮೇಲೆದ್ದಿತು. ಹಿಂದುಮುಂದು ನೋಡದೆ 'ಕಾರಣ: ಆಲೆಮನೆಯ ಹೊಗೆ' ಎಂದು ಬರೆದು ಮೇಲಿನವರ ಮುಂದಿಟ್ಟಳು.

ಅಧಿಕಾರಿಗಳು ಪೊಲೀಸರ ಜೊತೆ ಬಂದು ಬೀಗ ಜಡಿದರು. ಅವ್ವನ ಸೀರೆ ಉಟ್ಟು ಹೋಗಿ ವೀಣ ನಾಲೆಯ ಏರಿಯ ಮೇಲೆ ನಿಂತಳು. ಅರೆಬೆಂದ ಕಬ್ಬಿನ ಹಾಲಿನ ಮುಂದೆ ಶಿವರಾಜು ಕೈಮುಗಿದು ಗೋಗರೆಯುವುದನ್ನು ಕಂಡು ಅವಳ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಆದರೆ ಗೆರೆ ಇಳಿಯಲಿಲ್ಲ, ಇನ್ನೂ ಏರಿತು. ದೂರದ ಊರು ಬೆಳಕವಾಡಿಯಲ್ಲೂ ಏರಿತು. ಅಲ್ಲಿ ಯಾವ ಶಿವರಾಜುವೂ ಇರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಜ್ವರವಿದ್ದದ್ದನ್ನು ವೀಣ ಆಗ ಕಣ್ಣಿಟ್ಟು ನೋಡಿದಳು. ಹೊಗೆ ಹೀಗೆ ಊರಿಗೆ ಊರನ್ನೇ ಜ್ವರದಲ್ಲಿ ಕೆಡವುವುದಿಲ್ಲ. ಇದು ಚಳಿಗಾಲದ ಫ್ಲೂ. ಹೊಗೆ ಎಂದು ಅವಳೇ ಬರೆದಿದ್ದರಿಂದ ಕೊತ್ತತ್ತಿಯಲ್ಲಿ ಯಾರ ಮೂಗಿನ ಸ್ವಾಬನ್ನೂ ತೆಗೆದಿರಲಿಲ್ಲ, ಫ್ಲೂ ಮಾತ್ರೆಯೂ ಬಂದಿರಲಿಲ್ಲ. ಬರೆದದ್ದನ್ನು ತಿದ್ದಿದರೆ ಬೀಗ ತೆಗೆಯುತ್ತಾರೆ. ತಿದ್ದಲು ಅವಳಿಗೆ ಮನಸ್ಸು ಬರಲಿಲ್ಲ. ಆ ವಾರ ಹಾಗೇ ಬಿಟ್ಟಳು.

ಮುಂದಿನ ವಾರ ಆಸ್ಪತ್ರೆಗೆ ಹೋದಾಗ ವಾರ್ಡಿನ ಬಾಗಿಲಲ್ಲಿ ಶಿವರಾಜು ಕೂತಿದ್ದ. ಒಳಗೆ ಅವನ ತಾಯಿ ಚಿಕ್ಕಬೋರಮ್ಮನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ.

"ಆಲೆಮನೆ ನಿಂತ್ಮೇಲೆ ನಮ್ಮವ್ವ ಒಗೇನೇ ಕಂಡಿಲ್ಲ ಕಣಮ್ಮ. ಮತ್ಯಾಕೆ ಉಸ್ರು ಸಿಕ್ತಿಲ್ಲ? ನೀನು ಓದ್ದೋಳು, ನೀನೇ ಯೋಳು."

ಅನುಭವಿಸಲಿ, ಅನ್ನಿಸಿತು ಅವಳಿಗೆ. ಮೊದಲು ಬಂದದ್ದು ಅದೇ ಯೋಚನೆ. ಅವ್ವ ಉಸಿರಿಗೆ ಒದ್ದಾಡುವುದನ್ನು ನೋಡುತ್ತಾ ಕೂರುವುದು ಹೇಗಿರುತ್ತದೆಂದು ಇವನಿಗೂ ಗೊತ್ತಾಗಲಿ. ಅಷ್ಟರಲ್ಲಿ ಪಕ್ಕದ ಮಂಚದಿಂದ ಯಾರೋ ಕೈ ಎತ್ತಿದರು. ಅವಳದೇ ಬೀದಿಯ ಪಟ್ಟಲಮ್ಮ, ತೊಡೆಯ ಮೇಲೆ ಕಣ್ಣು ಬಿಡದ ಮೊಮ್ಮಗು.

"ನೀನ್ ಬಂದ್ಯಲ್ಲ, ಬುಡು, ಇನ್ನು ಭಯ ಇಲ್ಲ" ಅಂದಳು ಪಟ್ಟಲಮ್ಮ.

ವೀಣ ಸೀದಾ ಆಫೀಸಿಗೆ ಹೋಗಿ, ಹಲ್ಲು ಕಚ್ಚಿಕೊಂಡು, ಹೊಗೆಯನ್ನು ಅಳಿಸಿ ಫ್ಲೂ ಎಂದು ಬರೆದಳು. ಸ್ವಾಬ್ ತೆಗೆದರು, ಮಾತ್ರೆ ಊರಿಗೆ ಹೋಯಿತು. ಮಗು ಎದ್ದು ಕೂತಿತು. ಚಿಕ್ಕಬೋರಮ್ಮನೂ ಮನೆಗೆ ಬಂದಳು. ಆಲೆಮನೆಯ ಬೀಗವನ್ನೂ ತೆಗೆದರು.

ಜ್ವರ ಇಳಿದ ಮೇಲೆ ಅವಳು ಮತ್ತೆ ಸಾಹೇಬರ ಹತ್ತಿರ ಹೋದಳು. ಇದು ಫ್ಲೂ ನಿಜ, ಆದರೆ ಟಯರಿನ ಹೊಗೆಯೂ ನಿಜ, ನನ್ನ ಅವ್ವ ಸತ್ತದ್ದು ಅದರಿಂದಲೇ ಅಂದಳು.

"ಹೋದ ಸಲವೂ ಹೊಗೆ ಅಂದಿದ್ದಿರಿ ವೀಣ" ಅಂದರು ಅವರು, ಫೈಲಿನಿಂದ ತಲೆಯೆತ್ತದೆ.

ಆ ಸಂಜೆ ನಾಲೆಯಾಚೆ ಶಿವರಾಜು ಲಾರಿಯಿಂದ ಟಯರು ಇಳಿಸಿಕೊಳ್ಳುತ್ತಿದ್ದ. ಅವಳನ್ನು ನೋಡಿಯೂ ಅವನು ಕೆಲಸ ನಿಲ್ಲಿಸಲಿಲ್ಲ.