ಮಲಗಿದ ಕಲ್ಲು

ಶ್ರೀರಾಂಪುರದ ನಮ್ಮ ಶಾಲೆ ಶುರುವಾದದ್ದು ಕರಿಸಿದ್ದಪ್ಪ ಮತ್ತು ಅವರ ಹೆಂಡತಿ ಈರಕ್ಕ ಬಿಟ್ಟುಕೊಟ್ಟ ಕುರಿರೊಪ್ಪದಲ್ಲಿ. ಕುರಿಗಳನ್ನು ಬಯಲಿಗೆ ಅಟ್ಟಿ ಮಕ್ಕಳನ್ನು ಒಳಗೆ ಕೂರಿಸಿದವರು ಅವರು. ೧೯೭೬ರ ವಾರ್ಷಿಕೋತ್ಸವಕ್ಕೆ ನಾವು ಮೇಷ್ಟ್ರುಗಳು ಇಬ್ಬರ ಹೆಸರನ್ನೂ ಕೆತ್ತಿಸಿ, ಕಲ್ಲನ್ನು ಬಾಗಿಲ ಪಕ್ಕ ನಿಲ್ಲಿಸಿ ಹಾರ ಹಾಕಿದೆವು.

ಕಲ್ಲು ಕಂಡದ್ದೇ ಈರಕ್ಕ ಸಿಡಿದರು. “ನಮ್ಮ ಹಟ್ಟೀಲಿ ಕಲ್ಲು ನಿಲ್ಸೋದು ಸತ್ತೋರಿಗೆ! ನಾವಿನ್ನೂ ಬದುಕಿದೀವಿ ಕಣ್ರಿ!”

ಕಲ್ಲನ್ನು ಒಡೆಸಿಬಿಡುತ್ತೇವೆ ಎಂದೆವು ನಾವು. ಕರಿಸಿದ್ದಪ್ಪ ಮಾತ್ರ ನಕ್ಕರು. “ಒಡೀಬ್ಯಾಡ್ರಿ. ಹೆಸರು ಕೆಳಗೆ ಮಾಡಿ ಬಾಗಿಲ ಮುಂದೆ ಮೆಟ್ಟಿಲು ಹಾಕ್ರಿ. ನಾವಿಬ್ಬರೂ ಹೋದ ಮ್ಯಾಲೆ ಎತ್ತಿ ನಿಲ್ಸೀರಂತೆ.”

ಈಗ ಮಕ್ಕಳು ದಿನಾ ಅದನ್ನು ತುಳಿದೇ ಒಳಗೆ ಓಡುತ್ತಾರೆ. ಗದರಲು ನಮಗೆ ಬಾಯಿ ಬರುವುದಿಲ್ಲ. ಕಲ್ಲು ಮಲಗಿರುವಷ್ಟು ದಿನ ಅವರಿಬ್ಬರೂ ಊರಲ್ಲಿ ಓಡಾಡಿಕೊಂಡಿರುತ್ತಾರೆ.