ಐಸಿನ ಪೆಟ್ಟಿಗೆಯಲ್ಲಿ ಬಂದ ಮದ್ದು

ಆಟಿ ತಿಂಗಳು ಕಳೆದಿತ್ತು. ಮಳೆಯ ಜೋರು ತಗ್ಗಿ, ಕಡಲಿಗಿಳಿದ ಬೋಟುಗಳು ತುಂಬಿಕೊಂಡು ಬರತೊಡಗಿದ್ದವು. ಉರ್ವದ ಮಾರ್ಕೆಟ್ಟಿನಲ್ಲಿ ಮೀನಿನ ಸಾಲು ಬೆಳಗಾಗುತ್ತಲೇ ಭರ್ತಿಯಾಗಿತ್ತು. ಕುಮುದಿನಿ ಬೋಟು ಬಂದು ನಿಲ್ಲುವ ದಕ್ಕೆಯಿಂದ ತಂದ ಬಂಗುಡೆಯನ್ನು ಬುಟ್ಟಿಯಿಂದ ತೆಗೆದು, ತಲೆಗಳೆಲ್ಲ ಒಂದೇ ಕಡೆಗೆ ಬರುವಂತೆ ಹಲಗೆಯ ಮೇಲೆ ಹೊಂದಿಸಿ, ಮೇಲಿಂದ ಐಸಿನ ಪುಡಿ ಎರಚುತ್ತಿದ್ದಳು. ಅಷ್ಟರಲ್ಲಿ ಒಳಗಿಂದ ಆ ಬಿಸಿ ಎದ್ದಿತು. ಎದೆಯಲ್ಲಿ ಯಾರೋ ಒಲೆ ಹೊತ್ತಿಸಿದ ಹಾಗೆ ಶುರುವಾಗಿ, ಕುತ್ತಿಗೆಗೆ ಏರಿ, ಕಿವಿಯವರೆಗೆ ಹಬ್ಬಿತು. ಹೊರಗೆ ತಣ್ಣಗೆ ಸೋನೆ ಸುರಿಯುತ್ತಿದ್ದರೂ ಅವಳ ರವಿಕೆ ಬೆವರಿನಿಂದ ಬೆನ್ನಿಗಂಟಿತು.

ಪಕ್ಕದಲ್ಲಿ ಕೂತ ಜಯಕ್ಕ ದುಬಾರಿಯ ಅಂಜಲ್ ಮೀನನ್ನು ತುಂಡು ಮಾಡುತ್ತಿದ್ದವಳು ಕತ್ತಿ ನಿಲ್ಲಿಸದೆಯೇ ನೋಡಿದಳು.

"ಮಳೆಯಲ್ಲಿ ಬೆವರುವವಳು ಈ ಊರಲ್ಲಿ ನೀನೊಬ್ಬಳೇ ನೋಡು."

"ಇಂಜೆಕ್ಷನಿನ ಸೆಕೆ ಜಯಕ್ಕ. ಈಗ ಹೋಗ್ತದೆ."

"ಹೋಗ್ಲಿ, ಹೋಗ್ಲಿ. ಬಂಗುಡೆಯ ಮೇಲೆ ಬಿದ್ದರೆ ಗಿರಾಕಿಗಳಿಗೆ ಉಪ್ಪಿನ ಖರ್ಚು ಉಳೀತದೆ."

ಕುಮುದಿನಿ ನಕ್ಕು ಸೆರಗಿನಿಂದ ಮುಖ ಒರೆಸಿಕೊಂಡಳು. ಎದೆಯ ಕ್ಯಾನ್ಸರಿಗೆ ಆಪರೇಶನ್ ಆಗಿ ಸುಮಾರು ಸಮಯವಾಗಿತ್ತು. ಎಲ್ಲ ಮುಗಿಯಿತು ಎಂದುಕೊಂಡಿರುವಾಗ ರೋಗ ಮೂಳೆಯಲ್ಲಿ ಮತ್ತೆ ಕಾಣಿಸಿಕೊಂಡಿತ್ತು. ಹಾರ್ಮೋನು ತಡೆಯುವ ಇಂಜೆಕ್ಷನ್ ತಿಂಗಳು ತಿಂಗಳು ಹಾಕಿಸಿಕೊಂಡರೆ ಇದ್ದಲ್ಲಿಯೇ ಹಿಡಿದಿಡಬಹುದು ಎಂದು ಡಾಕ್ಟರು ಹೇಳಿದ್ದರು. ಕಳೆದ ಸ್ಕ್ಯಾನಿನಲ್ಲಿ ಹಾಗೆಯೇ ಆಗಿತ್ತು, ರೋಗ ಮುಂದೆ ಹೋಗಿರಲಿಲ್ಲ. ಅದರ ಬಗ್ಗೆ ಅವಳಿಗೆ ದೂರೇನೂ ಇರಲಿಲ್ಲ. ಸೆಕೆಯನ್ನು ಸಹಿಸುತ್ತಿದ್ದಳು. ಬೆಳಿಗ್ಗೆ ಬೆರಳಿನ ಗಂಟುಗಳು ಬಿಗಿದು ಮೀನಿನ ಕಿವಿರು ಹಿಡಿಯಲಿಕ್ಕಾಗದಿದ್ದಾಗ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೊರಡುತ್ತಿದ್ದಳು.

ತೊಂದರೆ ಇದ್ದದ್ದು ಕೂರುವುದರಲ್ಲಿ. ಇಂಜೆಕ್ಷನ್ ಹಾಕುವುದು ಕುಂಡೆಯ ಎರಡೂ ಬದಿಗೆ. ಎಣ್ಣೆಯಂಥ ಮಂದ ಮದ್ದು. ಹಾಕಿಸಿಕೊಂಡ ಮೇಲೆ ಎರಡೂ ಕಡೆ ಗಡ್ಡೆ ಕಟ್ಟಿ, ವಾರ ಕಳೆದರೂ ಮಣೆಯ ಮೇಲೆ ಕೂರಲಿಕ್ಕಾಗುತ್ತಿರಲಿಲ್ಲ. ನಿಂತು ಮಾರಿದರಾಯಿತು ಎಂದು ಹೊರಗಿನವರು ಹೇಳಬಹುದು. ಆದರೆ ಆ ಸಾಲಿನಲ್ಲಿ ಮೀನು ಮಾರುವವಳು ಕೂತಿರಬೇಕು, ಕೊಳ್ಳುವವರು ನಿಂತಿರಬೇಕು. ಮಾರುವವಳು ನಿಂತಿದ್ದಾಳೆಂದರೆ ವ್ಯಾಪಾರ ಮುಗಿಸಿ ಹೊರಟವಳೆಂದು ತಿಳಿದು ಗಿರಾಕಿಗಳು ಮುಂದೆ ಹೋಗಿಬಿಡುತ್ತಾರೆ. ಕಳೆದ ತಿಂಗಳು ಅವಳು ನಿಂತು ನೋಡಿದ್ದಳು. ಅಗ್ಗದ ಬೂತಾಯಿ ಮೀನನ್ನು ಕೂಡ ಮಾರಲಾಗದೆ ತಿರುಗಿ ಮನೆಗೆ ಹೊತ್ತುಕೊಂಡು ಹೋಗಿದ್ದಳು. ಬಾರದೆ ಮನೆಯಲ್ಲಿ ಉಳಿದರೆ ಇನ್ನೊಂದು ಭಯ. ಜಾಗ ಖಾಲಿ ಬಿದ್ದರೆ ಅಲ್ಲಿ ಮೊದಲು ಬುಟ್ಟಿ ಇಳಿಸಿದವಳದ್ದೇ ಆ ಜಾಗ. ಬಾಗಿಲಿನ ಪಕ್ಕದ, ಮಳೆ ಸೋರದ ಆ ಮೂಲೆ ಅವಳಿಗೆ ಅತ್ತೆಯಿಂದ ಬಂದದ್ದು.

"ನಾಳೆ ಅಲ್ವಾ ನಿನ್ನ ಇಂಜೆಕ್ಷನ್?" ಜಯಕ್ಕ ಕೇಳಿದಳು.

"ಈ ತಿಂಗಳು ಬಿಡುವ ಅಂತ."

"ಯಾರು, ಡಾಕ್ಟ್ರು ಹೇಳಿದ್ದಾ?"

"ಡಾಕ್ಟ್ರಿಗೆ ಗೊತ್ತಿಲ್ಲ. ಬಂಗುಡೆ ಬರ್ತಾ ಉಂಟಲ್ಲ ಜಯಕ್ಕ. ಕೂರ್ಲಿಕ್ಕೆ ಆಗದಿದ್ದರೆ ನಾನು ಎಂತ ಮಾಡುವುದು? ಮುಂದಿನ ತಿಂಗಳು ತಕ್ಕೊಳ್ತೇನೆ."

ಜಯಕ್ಕ ಅಂಜಲಿನ ತಲೆಯನ್ನು ಬೇರೆ ಮಾಡಿ ಬದಿಗಿಟ್ಟಳು.

"ಒಳ್ಳೆಯದಾಯ್ತು. ನಿನ್ನ ಮೂಲೆಯ ಮೇಲೆ ನನಗೆ ಮೊದಲಿಂದ ಕಣ್ಣುಂಟು. ನನ್ನ ತಲೆಯ ಮೇಲೆ ಈ ಶೀಟು ಸೋರಿ ಸೋರಿ ಸಾಕಾಗಿದೆ. ಇನ್ನು ಎಷ್ಟು ವರ್ಷ ಕಾಯ್ಬೇಕಾ ಅಂತ ಇದ್ದೆ. ನೀನೇ ಬೇಗ ದಾರಿ ಮಾಡಿಕೊಟ್ಟಿ."

ಕುಮುದಿನಿ ಬಂಗುಡೆಯ ಮೇಲೆ ಇನ್ನೊಂದು ಹಿಡಿ ಐಸು ಎರಚಿದಳು. ಒಬ್ಬ ಗಿರಾಕಿ ಬಂದು ಬಂಗುಡೆ ಒತ್ತಿ ನೋಡಿ, ಚೌಕಾಶಿ ಮಾಡಿ, ಕೊಂಡುಹೋದ. ಅವನು ದೂರ ಹೋದ ಮೇಲೆ ಜಯಕ್ಕ ದನಿ ತಗ್ಗಿಸಿದಳು.

"ಸುಮ್ಮನೆ ಹೋಗಿ ಚುಚ್ಚಿಸಿಕೊಂಡು ಬಾ. ನೀನು ಬರುವವರೆಗೆ ನಿನ್ನ ಮಣೆಯಲ್ಲಿ ನಾನು ಕೂರ್ತೇನೆ."

"ನಿಮ್ಮ ಜಾಗ ಎಂತ ಮಾಡುವುದು ಮತ್ತೆ?"

"ಸೋರುವ ಜಾಗ ಯಾವಳಿಗೆ ಬೇಕು ಮಾರಾಯ್ತಿ?"

ಮರುದಿನ ಕುಮುದಿನಿ ಗಂಡನ ಜೊತೆ ಬಸ್ಸು ಹತ್ತಿದಳು. ವಾಸು ಪ್ರಾಯದಲ್ಲಿ ಬೋಟಿನಲ್ಲಿ ಮೀನಿಗೆ ಐಸು ತುಂಬಿಸುವ ಕೆಲಸದಲ್ಲಿದ್ದವನು. ಬೆನ್ನು ಕೈಕೊಟ್ಟ ಮೇಲೆ ದಡದಲ್ಲಿ ಕೂತು ಬಲೆ ಸರಿಮಾಡುತ್ತಾನೆ. ಇಂಜೆಕ್ಷನನ್ನು ಮೆಡಿಕಲಿನಿಂದ ತಂದಿಡುವ ಜವಾಬ್ದಾರಿ ಅವನದ್ದು. ಇಲ್ಲಿಯವರೆಗೆ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಹಾಕಿಸುತ್ತಿದ್ದರು. ಅಲ್ಲಿಯ ಡಾಕ್ಟರು ಊರಿಗೆ ಹೋಗಿದ್ದರಿಂದ ಈ ಸಲ ದೊಡ್ಡ ಆಸ್ಪತ್ರೆಗೇ ಹೋಗಬೇಕಾಯಿತು. ವಾಸು ಮದ್ದು ಇಟ್ಟಿದ್ದ ಥರ್ಮಾಕೋಲಿನ ಪೆಟ್ಟಿಗೆಯನ್ನು ಬಸ್ಸಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡೇ ಕೂತಿದ್ದ.

ಇಂಜೆಕ್ಷನ್ ಹಾಕುವ ಕೋಣೆಯಲ್ಲಿ ಮುಮ್ತಾಝ್ ಎಂಬ ನರ್ಸು ಇದ್ದಳು. ಪೆಟ್ಟಿಗೆಯ ಮುಚ್ಚಳ ತೆಗೆದವಳು ಹಾಗೆಯೇ ನಿಂತಳು. ಕೆಳಗೆ ಐಸು, ಮೇಲೆ ಐಸು, ನಡುವೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಡಬ್ಬಿ.

"ಇದನ್ನು ಯಾರು ಹೀಗೆ ಇಟ್ಟದ್ದು?"

"ನಾನೇ ಸಿಸ್ಟರ್," ವಾಸು ಹೆಮ್ಮೆಯಿಂದಲೇ ಹೇಳಿದ. "ತಂಪಲ್ಲಿ ಇಡ್ಬೇಕು ಅಂತ ಮೆಡಿಕಲಿನವರು ಹೇಳಿದ್ದಾರೆ. ದಾರಿಯಲ್ಲಿ ಒಂದು ಚೂರು ಬಿಸಿ ತಾಗಲಿಕ್ಕೆ ಬಿಡಲಿಲ್ಲ."

"ಅಣ್ಣಾ, ಇದು ಮೀನಲ್ಲ, ಮದ್ದು. ಫ್ರಿಜ್ಜಿನ ಕೆಳಗಿನ ತಂಪು ಸಾಕು ಇದಕ್ಕೆ. ಐಸಿನಲ್ಲಿ ಹೂತರೆ ಮದ್ದೇ ಹಾಳಾಗ್ತದೆ." ಅವಳು ಕುಮುದಿನಿಯ ಕಡೆ ತಿರುಗಿದಳು. "ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಹೊರಗೆ ಇಟ್ಟು ಆಮೇಲೆ ಹಾಕ್ತಿದ್ದರಾ?"

"ಇಲ್ಲ ಸಿಸ್ಟರ್. ಇವರು ಪೆಟ್ಟಿಗೆ ಕೊಟ್ಟ ಕೂಡಲೇ ಹಾಕುವುದು. ಇವರೇ ಅವಸರ ಮಾಡುವುದು, ಬಿಸಿಯಾಗ್ತದೆ ಅಂತ."

"ಹಾಗಾದರೆ ನೋಯದೆ ಇರ್ತದಾ? ಎಣ್ಣೆ ಹಾಗಿನ ಮದ್ದು. ತಣ್ಣಗಿರುವಾಗ ಇನ್ನೂ ಮಂದ ಆಗ್ತದೆ. ಕೂರ್ಲಿಕ್ಕೆ ಆಗುವುದಿಲ್ಲ ಅಂತ ಡಾಕ್ಟ್ರಿಗೆ ಹೇಳಿದ್ದೀರಾ ಅಕ್ಕ?"

"ರೋಗವೇ ನಿಂತಿರುವಾಗ ಕೂರುವ ಸಂಗತಿ ಹೇಳುವುದು ಹೇಗೆ ಅಂತ..."

ಮುಮ್ತಾಝ್ ಡಬ್ಬಿಯನ್ನು ಒಳಗೆ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ದಪ್ಪ ಬಟ್ಟೆಯಿಂದಾಗಿ ಮದ್ದು ಹೆಪ್ಪುಗಟ್ಟಿರಲಿಲ್ಲ, ಹಾಕಬಹುದು ಎಂದಿದ್ದರು. ಆದರೆ ಅವಳು ಕೂಡಲೇ ಹಾಕಲಿಲ್ಲ. ಮದ್ದಿನ ಪ್ಯಾಕೆಟ್ಟನ್ನು ತಂಪು ಬಿಡಲೆಂದು ಮೇಜಿನ ಮೇಲಿಟ್ಟು, ಉಳಿದ ರೋಗಿಗಳಿಗೆ ಇಂಜೆಕ್ಷನ್ ಹಾಕಿ ಕಳಿಸಿದಳು. ಬಹಳ ಹೊತ್ತಿನ ಮೇಲೆ ಕುಮುದಿನಿಯನ್ನು ಕರೆದು, ಮದ್ದು ತುಂಬಿದ ಸಿರಿಂಜನ್ನು ತನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಉರುಳಿಸುತ್ತ ಮಾತಿಗೆ ನಿಂತಳು. ಬಂಗುಡೆ ಚೆನ್ನಾಗಿ ಬರ್ತಾ ಉಂಟಾ, ತಮ್ಮ ಕಾವೂರಿನ ಕಡೆ ಬರುವ ಮೀನಿನ ಗಾಡಿಯವನು ಹಳೆಯದನ್ನೇ ಕೊಡುತ್ತಾನೆ ಎಂದೆಲ್ಲ. ಆ ಕೈಗಳನ್ನೇ ಕುಮುದಿನಿ ನೋಡುತ್ತಿದ್ದಳು.

"ಈಗ ಕವುಚಿ ಮಲಗಿ. ಕಾಲಿನ ಹೆಬ್ಬೆರಳು ಒಳಗೆ ತಿರುಗಿಸಿ, ಕಾಲು ಸಡಿಲ ಬಿಡಿ. ನಾನು ನಿಧಾನ ಹಾಕ್ತೇನೆ."

ಹೇಳಿದ ಹಾಗೆಯೇ ಹಾಕಿದಳು. ಚುಚ್ಚಿದ್ದು ಗೊತ್ತಾಯಿತು, ಮದ್ದು ಇಳಿಯುವುದೂ ಗೊತ್ತಾಯಿತು. ಆದರೆ ಹಲ್ಲು ಕಚ್ಚಿಕೊಂಡು ಕಾದಿದ್ದ ಆ ಸೀಳುವ ನೋವು ಬರಲಿಲ್ಲ. ಇನ್ನೊಂದು ಬದಿಗೂ ಹಾಗೆಯೇ ಆಯಿತು. ಕುಮುದಿನಿ ದಿಂಬಿನಲ್ಲಿ ಮುಖವಿಟ್ಟು ಅತ್ತಳು.

"ನೋಯ್ತಾ ಅಕ್ಕ?"

"ಇಲ್ಲ. ಇಲ್ಲದ್ದಕ್ಕೇ."

"ಪೂರ್ತಿ ಹೋಗುವುದಿಲ್ಲ, ಈಗಲೇ ಹೇಳ್ತೇನೆ. ಎರಡು ದಿನ ನೋಯ್ಬಹುದು. ಕಾಲಿಗೆ ಜೋಮು ಹಿಡಿದರೆ, ನಡೆಯುವಾಗ ಬಲ ಇಲ್ಲ ಅನ್ನಿಸಿದರೆ ಸೀದಾ ಬನ್ನಿ. ಇನ್ನು ಮದ್ದು ಮನೆಗೆ ಬೇಡ, ಇಲ್ಲಿಯ ಫ್ರಿಜ್ಜಿನಲ್ಲೇ ಇರ್ಲಿ."

ಹೊರಗೆ ವಾಸು ಖಾಲಿ ಪೆಟ್ಟಿಗೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಕರಗಿದ ನೀರು ಅಂಗಿಗೆ ತಾಗಿದ್ದೂ ಅವನಿಗೆ ಗೊತ್ತಿರಲಿಲ್ಲ.

"ಇಷ್ಟು ತಿಂಗಳು ನಿನ್ನನ್ನು ನೋಯಿಸಿದ್ದು ನಾನೇ," ಎಂದ.

"ಎಂತ ಇಲ್ಲ. ನನ್ನ ಮದ್ದನ್ನು ಅಂಜಲಿನ ಹಾಗೆ ನೋಡಿಕೊಂಡಿರಿ. ಬೂತಾಯಿಯ ಹಾಗೆ ಬಿಸಾಡಲಿಲ್ಲವಲ್ಲ."

ಅವನಿಗೆ ನಗು ಬಂತು. ಇಬ್ಬರೂ ಕ್ಯಾಂಟೀನಿನಲ್ಲಿ ಚಾ ಕುಡಿದರು. ಅವಳು ಕೂತೇ ಕುಡಿದಳು.

ಆದರೂ ನಾಲ್ಕು ದಿನ ಮನೆಯಲ್ಲಿರಬೇಕಾಯಿತು. ನರ್ಸು ಹೇಳಿದ್ದಕ್ಕಿಂತ ನೋವು ಸ್ವಲ್ಪ ಹೆಚ್ಚೇ ಉಳಿದಿತ್ತು, ಸೆಕೆ ಬರುವಂತೆ ಬರುತ್ತಲೇ ಇತ್ತು. ಐದನೆಯ ದಿನ ಹಳೆಯ ದಿಂಬೊಂದನ್ನು ಚೀಲಕ್ಕೆ ಹಾಕಿಕೊಂಡು ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಬಂದಳು. ಜಯಕ್ಕ ಅವಳ ಮೂಲೆಯಲ್ಲಿ ಕೂತು ಅಂಜಲ್ ಮಾರುತ್ತಿದ್ದಳು. ಪಕ್ಕದಲ್ಲಿ, ಸೋರುವ ಶೀಟಿನ ಕೆಳಗೆ, ಹೊಸ ಹೆಂಗಸೊಬ್ಬಳು ನೀಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಬೂತಾಯಿ ಹರಡಿ ಕೂತಿದ್ದಳು.

"ಇವಳು ಯಾರು?"

"ನೀನು ಹೋದ ಮರುದಿನ ಬಂದು ಕೂತದ್ದು. ನಾನು ಇಲ್ಲಿ ಇದ್ದೇನಲ್ಲ, ಅಲ್ಲಿ ಖಾಲಿ." ಜಯಕ್ಕ ಕತ್ತಿ ಒರೆಸಿ ಏಳತೊಡಗಿದಳು. "ಬಾ, ಕೂತುಕೋ. ನಾನು ಹಿಂದಿನ ಸಾಲಿನಲ್ಲಿ ನೋಡ್ತೇನೆ."

"ಹಿಂದಿನ ಸಾಲಿಗೆ ಯಾರು ಬರ್ತಾರೆ? ಗೊತ್ತಿದ್ದೂ ಬಿಟ್ಟುಕೊಟ್ಟಿರಾ?"

"ನನಗೆ ಸೋರುವುದು ತಪ್ಪಿತು ಮಾರಾಯ್ತಿ."

ಕುಮುದಿನಿ ಅವಳ ಭುಜ ಒತ್ತಿ ಕೂರಿಸಿದಳು. ಹಲಗೆಯನ್ನು ಗೋಡೆಯ ಕಡೆ ಸರಿಸಿ, ಅಂಜಲನ್ನು ಅರ್ಧಕ್ಕೆ ದೂಡಿ, ಉಳಿದರ್ಧದಲ್ಲಿ ತನ್ನ ಬಂಗುಡೆ ಸುರಿದಳು. ದಿಂಬು ಹಾಕಿ, ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಇಬ್ಬರ ಮೊಣಕಾಲು ಒಂದಕ್ಕೊಂದು ತಾಗುತ್ತಿತ್ತು.

"ಅರ್ಧ ಮೂಲೆ ಕೊಟ್ಟು ಸಾಲ ತೀರಿಸಿದೆ ಅಂತ ಎಣಿಸಬೇಡ," ಎಂದಳು ಜಯಕ್ಕ.

"ತೀರಲಿಲ್ಲ ಜಯಕ್ಕ. ತೀರುವುದೂ ಬೇಡ."

"ಹಾಗಾದರೆ ಸ್ವಲ್ಪ ಆಚೆ ಸರಿ. ಕತ್ತಿ ಆಡಿಸ್ಲಿಕ್ಕೆ ಜಾಗ ಇಲ್ಲ."

ಕುಮುದಿನಿ ಸರಿದಳು.